ಗುರುಮಲ್ಲ ಕಾದ ಮಲ್ಲಿಗೆ

ಊರೊಂದಿತ್ತು. ಅದರ ಹೆಸರು ಹೇಳಿದರೆ ಊರಿನವರಿಗೆ ನಾಚಿಕೆ, ಹೇಳದಿದ್ದರೆ ಕತೆಗೇನೂ ನಷ್ಟವಿಲ್ಲ. ಆ ಊರಿನ ಕೊನೆಯ ಬೀದಿಯ ಕೊನೆಯ ಮನೆ ಮರಿತಾಯಮ್ಮನದು. ಮನೆ ಸಣ್ಣದು, ಹಿತ್ತಲು ದೊಡ್ಡದು. ಹಿತ್ತಲಲ್ಲಿ ಮೂರು ದುಂಡುಮಲ್ಲಿಗೆ ಗಿಡ, ಎರಡು ಮಡಿ ಕನಕಾಂಬರ, ಒಂದು ನೀರಿನ ತೊಟ್ಟಿ. ಬೇಸಿಗೆ ಬಂತೆಂದರೆ ಊರೆಲ್ಲ ಬಿಸಿಲನ್ನು ಬಯ್ಯುವುದು, ಮರಿತಾಯಮ್ಮ ಮಾತ್ರ ಬಿಸಿಲಿಗೆ ಕೈಮುಗಿಯುವಳು. ಬಿಸಿಲು ಕಾದಷ್ಟೂ ಮಲ್ಲಿಗೆ ಅಲ್ಲವೇ.

ಗಂಡ ಲಾರಿ ಡ್ರೈವರು, ತಿಂಗಳಿಗೊಮ್ಮೆ ಮುಖ ತೋರಿಸುವವನು. ಮಗಳು ದೇವಮ್ಮಣ್ಣಿ, ಮದುವೆಯಾಗಿ ಒಂಬತ್ತು ವರ್ಷ. ಮಗ ಗುರುಮಲ್ಲ, ಇಪ್ಪತ್ತನಾಲ್ಕು ವರ್ಷದ ಆಳು. ಈ ಗುರುಮಲ್ಲ ಸುಳ್ಳು ಹೇಳಿದವನಲ್ಲ, ಕೆಲಸಕ್ಕೆ ಬೆನ್ನು ತಿರುಗಿಸಿದವನಲ್ಲ, ಹೇಳಿದ ಮಾತನ್ನು ಮರೆತವನಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅವನ ತಪ್ಪು ಅದೊಂದೇ, ಆದರೆ ಮರಿತಾಯಮ್ಮನ ತಲೆಗೂದಲು ಬೆಳ್ಳಗಾಗಲು ಅದೊಂದೇ ಸಾಕಾಗಿತ್ತು.

ಆ ವರ್ಷ ಚೈತ್ರದಲ್ಲಿ ಸುದ್ದಿ ಬಂತು: ದೇವಮ್ಮಣ್ಣಿ ಬಸುರಿ, ಆರನೇ ತಿಂಗಳು. ಒಂಬತ್ತು ವರ್ಷ ಕಾದ ಸುದ್ದಿ. ಮರಿತಾಯಮ್ಮ ಹಿತ್ತಲಿಗೆ ಹೋಗಿ, ಮಲ್ಲಿಗೆ ಗಿಡದ ಬುಡದಲ್ಲಿ ಕೂತು ಒಂದು ಗಳಿಗೆ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಲೆಕ್ಕ ಹಾಕಿದಳು. ಏಳನೇ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ. ಬಸುರಿಯ ಜಡೆಗೆ ಬುಡದಿಂದ ತುದಿಯವರೆಗೆ ಮೊಗ್ಗು ಹೆಣೆದು ಮೊಗ್ಗಿನ ಜಡೆ ಹಾಕಬೇಕು. ಅವರಲ್ಲಿ ಆ ಮೊಗ್ಗು ಪೇಟೆಯದಾಗಬಾರದು, ತವರಿನ ಹಿತ್ತಲದೇ ಆಗಬೇಕು. ಹಾಗೆ ಹೂ ಮುಡಿದವಳು ಹೆರಿಗೆಗೆ, ಬಾಣಂತನಕ್ಕೆ ತವರಿನಲ್ಲೇ ಉಳಿಯುವುದು.

"ಮಗ, ಕೆಂಪಾಜಮ್ಮನ ಮನೇಲಿ ಮೊದಲ ಮೊಗ್ಗು ಬಿಟ್ಟಿದೆಯಂತೆ. ದೇವರಿಗೆ ಒಂದು ಹಿಡಿ ಕೊಡ್ತೀನಿ ಅಂದಿದ್ದಾಳೆ, ತಗೊಂಡು ಬಾ" ಅಂದಳು.

"ಹೆಂಗೆ ತರಲಿ ಅವ್ವ?"

"ಕೈಯಲ್ಲಿ ಹಿಡ್ಕೊಂಡು ಬಾ. ಗಟ್ಟಿಯಾಗಿ ಹಿಡ್ಕೊ, ಒಂದೂ ಬೀಳಬಾರದು."

ಗುರುಮಲ್ಲ ಹೋದ. ಕೆಂಪಾಜಮ್ಮ ಪಕ್ಕದ ಬೀದಿಯವಳು, ಮರಿತಾಯಮ್ಮನ ಗೆಳತಿ, ಅವಳ ಕೈ ದೊಡ್ಡದು. ಒಂದು ಹಿಡಿ ಅಂದವಳು ಎರಡು ಹಿಡಿ ಕೊಟ್ಟಳು. ಗುರುಮಲ್ಲ ಎರಡು ಕೈಯಲ್ಲೂ ಹಿಡಿದ. ಗಟ್ಟಿಯಾಗಿ ಹಿಡಿದ. ಕಬ್ಬಿನ ಜಲ್ಲೆ ಮುರಿಯುವ ಕೈ ಅದು. ಮನೆಗೆ ಬಂದು ಅವ್ವನ ಮುಂದೆ ಬೆರಳು ಬಿಡಿಸಿದರೆ ಒಂದೊಂದು ಅಂಗೈಯಲ್ಲೂ ಕಪ್ಪನೆಯ ಚಟ್ನಿ.

"ಒಂದೂ ಬಿದ್ದಿಲ್ಲ ಕಣವ್ವ, ನೋಡ್ಕೋ."

ಮರಿತಾಯಮ್ಮ ಹಣೆ ಹಿಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ. ಅದನ್ನ ಹಂಗೆ ತರೋದೇನ್ಲಾ? ಬಾಳೆ ಎಲೇಲಿ ಸುತ್ತಿ, ಮೇಲೆ ನೀರು ಚಿಮುಕಿಸಿ, ನೆರಳು ನೆರಳಲ್ಲೇ ತರಬೇಕು. ತಿಳೀತಾ?"

"ತಿಳೀತು ಅವ್ವ. ಬಾಳೆ ಎಲೆ, ನೀರು, ನೆರಳು."

ನಾಲ್ಕು ದಿನ ಕಳೆಯಿತು. ಶಾಸ್ತ್ರದ ಊಟಕ್ಕೆ ಹಪ್ಪಳ ಬೇಕಲ್ಲ. ಕೆಂಪಾಜಮ್ಮ ತಾನೇ ಉದ್ದಿನ ಹಪ್ಪಳ ಲಟ್ಟಿಸಿ ಒಣಗಿಸಿ ಇಟ್ಟಿದ್ದಳು. ಗುರುಮಲ್ಲ ಬೆಳಗಿನ ತಿಂಡಿ ತಿಂದು ತರಲು ಹೋದ. ಮಧ್ಯಾಹ್ನವಾಯಿತು, ಬರಲಿಲ್ಲ. ಹೊತ್ತು ಇಳಿಯಿತು, ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದ, ಕಂಕುಳಲ್ಲಿ ಬಾಳೆ ಎಲೆಯ ಗಂಟು, ಗಂಟಿನಿಂದ ತೊಟ್ಟಿಕ್ಕುವ ನೀರು.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಹುಣಸೆಮರದ ಕೆಳಗಿದ್ದೆ ಕಣವ್ವ. ಮರದಿಂದ ನಮ್ಮನೆ ಗೋಡೆ ತನಕ ನೆರಳೇ ಇರಲಿಲ್ಲ. ಗೋಡೆ ನೆರಳು ಮರದ ಹತ್ತಿರ ಬರೋ ತನಕ ಕೂತಿದ್ದೆ. ಅಷ್ಟು ಹೊತ್ತೂ ನೀರು ಚಿಮುಕಿಸ್ತಾನೇ ಇದ್ದೆ."

ಮರಿತಾಯಮ್ಮ ಗಂಟು ಬಿಚ್ಚಿದಳು. ನೂರು ಹಪ್ಪಳ ಸೇರಿ ಒಂದೇ ಹಿಟ್ಟಿನ ಉಂಡೆ.

"ಲೋ ಮಂಕೆ, ಹಪ್ಪಳಕ್ಕೆ ನೀರು ಹಾಕ್ತಾರೇನ್ಲಾ? ಹಪ್ಪಳ ಅಂದ್ರೆ ಬಿಸಿಲಲ್ಲಿ ಹರಡಬೇಕು. ಕೋಲು ಹಿಡ್ಕೊಂಡು ಕಾವಲು ಕೂರಬೇಕು. ಹತ್ತಿರ ಬಂದದ್ದನ್ನೆಲ್ಲ ಹುಶ್ ಅಂತ ಓಡಿಸಬೇಕು."

"ತಿಳೀತು ಅವ್ವ. ಬಿಸಿಲು, ಕೋಲು, ಹುಶ್."

ಕೆಂಪಾಜಮ್ಮನಿಗೆ ಸಂಗತಿ ಗೊತ್ತಾಗಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಆ ಉಂಡೆಯನ್ನೇ ತೆಗೆದುಕೊಂಡು ಹೋಗಿ, ಒಣಹಿಟ್ಟು ಬೆರೆಸಿ, ಕುಟ್ಟಿ, ಮತ್ತೆ ಲಟ್ಟಿಸಿ ತಂದಳು. "ಸುಮ್ಮನಿರು ಮರಿತಾಯಿ, ಎರಡು ಸಲ ಲಟ್ಟಿಸಿದ ಹಪ್ಪಳ ಚೆನ್ನಾಗಿ ಉಬ್ಬುತ್ತೆ" ಅಂದಳು. ಅದು ಸುಳ್ಳು. ಆ ಸುಳ್ಳಿಗೆ ಮರಿತಾಯಮ್ಮ ಮನಸ್ಸಿನಲ್ಲೇ ಕೈಮುಗಿದಳು.

ಹಪ್ಪಳವನ್ನು ಅಂಗಳದ ಚಾಪೆಯ ಮೇಲೆ ಹರಡಿದ್ದಾಯಿತು. ಗುರುಮಲ್ಲ ಕೋಲು ಹಿಡಿದು ಕೂತ. ಕಾಗೆ ಬಂತು, ಹುಶ್. ಕೋಳಿ ಬಂತು, ಹುಶ್. ಆಮೇಲೆ ಬೀಗಿತ್ತಿ ಬಂದಳು.

ಬೀಗಿತ್ತಿ ಅಂದರೆ ದೇವಮ್ಮಣ್ಣಿಯ ಅತ್ತೆ ಶಿವಮಲ್ಲಮ್ಮ. ಗಂಡಾಳುಗಳು ಅವಳ ಮುಂದೆ ಬೀಡಿ ಹಚ್ಚುತ್ತಿರಲಿಲ್ಲ. ಶಾಸ್ತ್ರದ ದಿನ ಗೊತ್ತು ಮಾಡಲು ಬಸ್ಸಿಳಿದು, ಬಿಸಿಲಲ್ಲಿ ಒಂದು ಮೈಲಿ ನಡೆದು ಬಂದಿದ್ದಳು. ಅಂಗಳಕ್ಕೆ ಕಾಲಿಟ್ಟಳು.

"ಹುಶ್" ಅಂದ ಗುರುಮಲ್ಲ.

ಶಿವಮಲ್ಲಮ್ಮ ಹಿಂದೆ ತಿರುಗಿ ನೋಡಿದಳು, ಕಾಗೆಯೇನಾದರೂ ಇದೆಯೇ ಅಂತ. ಇರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು.

"ಹುಶ್, ಹುಶ್" ಅಂತ ಕೋಲೆತ್ತಿದ. ಬೀಗಿತ್ತಿ ತಿರುಗಿದಳು, ಬಂದ ದಾರಿ ಹಿಡಿದಳು. ಗುರುಮಲ್ಲ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ, ಬೀದಿಯ ತಿರುವಿನವರೆಗೂ ಹುಶ್ ಅನ್ನುತ್ತ ಹೋಗಿ ಬಿಟ್ಟು ಬಂದ.

ಸಂಗತಿ ತಿಳಿದದ್ದೇ ಮರಿತಾಯಮ್ಮ ತಲೆಗೆ ಸೆರಗೂ ಇಲ್ಲದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಕಾಲು ಹಿಡಿದಳು, ಕೈ ಹಿಡಿದಳು.

"ನಿಮ್ಮ ಮಗಳ ಮುಖ ನೋಡಿ ಸುಮ್ಮನಿದ್ದೀನಿ" ಅಂದಳು ಶಿವಮಲ್ಲಮ್ಮ. "ಬರೋ ತಿಂಗಳು ಎರಡನೇ ಶುಕ್ರವಾರ, ನಾಲ್ಕು ಗಂಟೆಗೆ ಬರ್ತೀನಿ. ಸೊಸೆ ತಲೇಲಿ ನಿಮ್ಮ ಹಿತ್ತಲ ಮೊಗ್ಗು ತುಂಬಿರಬೇಕು. ಒಂದು ಮೊಳ ಕಮ್ಮಿ ಇರಲಿ, ಪೇಟೆ ಹೂವಿನ ಒಂದು ಎಸಳು ಕಾಣಲಿ, ಅವಳನ್ನ ನಿಂತ ಕಾಲಲ್ಲೇ ಕರ್ಕೊಂಡು ಹೋಗ್ತೀನಿ. ಹೆರಿಗೆ ನಮ್ಮನೇಲೇ ಆಗ್ಲಿ. ನೆಂಟರನ್ನ ಕಾಗೆ ಓಡಿಸಿದ ಹಂಗೆ ಓಡಿಸೋ ಮನೇಲಿ ಕೂಸು ಹುಟ್ಟೋದು ಬೇಡ."

ಮರಿತಾಯಮ್ಮ ಮನೆಗೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತಳು. ಒಂಬತ್ತು ವರ್ಷ. ಮಗಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಬೇಕು, ಕೂಸಿಗೆ ಕಾಲ ಮೇಲೆ ಹಾಕಿಕೊಂಡು ಎರೆಯಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

"ಮನೆಗೆ ಬಂದೋರನ್ನ ಓಡಿಸ್ತಾರಾ ಮಗ?" ಅಂದಳು. ಬಯ್ಯಲೂ ತ್ರಾಣವಿರಲಿಲ್ಲ. "ಬನ್ನಿ ಅನ್ನಬೇಕು. ಚಾಪೆ ಹಾಸಬೇಕು. ಪಾನಕ ಕೊಡಬೇಕು. ಹೊಟ್ಟೆ ತುಂಬ ತಿನ್ನಿ ಅನ್ನಬೇಕು. ಹೊರಡ್ತೀನಿ ಅಂದ್ರೂ ಬಿಡಬಾರದು."

"ತಿಳೀತು ಅವ್ವ. ಬನ್ನಿ, ಚಾಪೆ, ಪಾನಕ, ತಿನ್ನಿ, ಬಿಡಬಾರದು."

ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದು ಮೂರನೇ ದಿನ ಗೊತ್ತಾಯಿತು. ಅವತ್ತು ಮರಿತಾಯಮ್ಮ ಸಂತೆಗೆ ಹೋಗಿದ್ದಾಗ ಹಿತ್ತಲ ಬೇಲಿ ಸಂದಿಯಿಂದ ಹನ್ನೊಂದು ಮೇಕೆಗಳು ನುಗ್ಗಿದವು. ಗುರುಮಲ್ಲ ಎದ್ದು ನಿಂತು "ಬನ್ನಿ, ಬನ್ನಿ" ಅಂದ. ಚಾಪೆ ಹಾಸಿದ. ಬೆಲ್ಲ ಕದಡಿ, ಏಲಕ್ಕಿ ಹಾಕಿ, ಬೋಗುಣಿಯಲ್ಲಿ ಪಾನಕ ಇಟ್ಟ. ಮೇಕೆಗಳು ಪಾನಕ ಕುಡಿದು ಚಾಪೆಯ ಅಂಚು ತಿಂದವು.

"ಅದೇನು ತಿಂತೀರಿ, ಹೊಟ್ಟೆ ತುಂಬ ತಿನ್ನಿ" ಅಂತ ಗುರುಮಲ್ಲ ಮಲ್ಲಿಗೆ ಗಿಡ ತೋರಿಸಿದ.

ಅವು ತಿಂದವು. ಹೊಟ್ಟೆ ತುಂಬಿ ಹೊರಟವು. ಬಿಡಬಾರದು ಅಂದಿದ್ದಳಲ್ಲ ಅವ್ವ, ಗುರುಮಲ್ಲ ಒಂದೊಂದನ್ನೇ ಕಿವಿ ಹಿಡಿದು ಹಿಂದಕ್ಕೆ ತಂದ. "ಅಷ್ಟಕ್ಕೇ ಹೊರಟ್ರಾ? ಸಂಕೋಚ ಮಾಡ್ಕೋಬೇಡಿ."

ಮರಿತಾಯಮ್ಮ ಸಂತೆಯಿಂದ ಬಂದಾಗ ಕನಕಾಂಬರದ ಮಡಿ ಬೋಳು ನೆಲ. ಮಲ್ಲಿಗೆ ಗಿಡಗಳು ಮೂರೂ ಪೊರಕೆ ಕಡ್ಡಿ. ಒಂದು ಎಲೆಯಿಲ್ಲ. ಚಾಪೆಯ ಮೇಲೆ ಮಲಗಿ ಮೆಲುಕು ಹಾಕುತ್ತಿರುವ ಹನ್ನೊಂದು ನೆಂಟರು, ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿರುವ ಮಗ.

"ಈ ಸಲ ಯಾರೂ ಬೇಜಾರು ಮಾಡ್ಕೊಂಡಿಲ್ಲ ಕಣವ್ವ" ಅಂದ.

ಮರಿತಾಯಮ್ಮ ಬಯ್ಯಲಿಲ್ಲ. ಅಳಲೂ ಇಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಕಡ್ಡಿಯಾದ ಗಿಡದ ಹತ್ತಿರ ಹೋಗಿ ಸುಮ್ಮನೆ ನಿಂತಳು. ಶುಕ್ರವಾರಕ್ಕೆ ಇನ್ನು ಇಪ್ಪತ್ತೆಂಟು ದಿನವಿತ್ತು.

ಗುರುಮಲ್ಲನಿಗೆ ಬೈಗುಳ ಅಭ್ಯಾಸವಿತ್ತು, ಮೌನ ಅಭ್ಯಾಸವಿರಲಿಲ್ಲ. "ಬಯ್ಯವ್ವ" ಅಂದ.

ಅಷ್ಟರಲ್ಲಿ ಕೆಂಪಾಜಮ್ಮ ಬಂದಳು. ಗಿಡ ನೋಡಿದಳು. ಕಡ್ಡಿ ಮುಟ್ಟಿ, ಉಗುರಿನಿಂದ ಸ್ವಲ್ಪ ಕೆರೆದಳು. ಒಳಗೆ ಹಸಿರಿತ್ತು.

"ಕಡ್ಡಿ ತಿಂದಿಲ್ಲ ಕಣೆ, ಎಲೆ ಮಾತ್ರ ತಿಂದವೆ. ನಮ್ಮ ತೋಟದಲ್ಲಿ ಹೂ ಚೆನ್ನಾಗಿ ಬರಲಿ ಅಂತ ನಾವೇ ಆಳಿಟ್ಟು ಎಲೆ ಕೀಳಿಸ್ತೀವಿ. ಬುಡ ಕೆದಕಿ ನೀರು ಕೊಡು. ಬಿಸಿಲು ಹಿಂಗೇ ಇದ್ರೆ ಇಪ್ಪತ್ತೈದು ದಿನಕ್ಕೆ ಮೊಗ್ಗು."

"ನಿಜವಾಗ್ಲೂ?"

"ಈ ಸಲ ನಿಜವಾಗ್ಲೂ."

ಆಗ ಮರಿತಾಯಮ್ಮ ಮಗನ ಎರಡೂ ಭುಜ ಹಿಡಿದು, ಒಂದೊಂದೇ ಮಾತು ಅಳೆದು ಹೇಳಿದಳು. ಇನ್ನು ಮುಂದೆ ಯಾವ ಸಂದಿಯನ್ನೂ ಬಿಡಬಾರದು ಅಂತ ತೀರ್ಮಾನ ಮಾಡಿದ್ದಳು. "ಕೇಳು ಮಗ. ದಿನಾ ಸಂಜೆ ನೀರು ಹಾಕು. ಈ ಗಿಡದಿಂದ ಒಂದು ಎಲೆ, ಒಂದು ಮೊಗ್ಗು ಕೀಳಬಾರದು. ಯಾರು ಕೇಳಿದ್ರೂ ಬಿಡಬೇಡ. ಮನುಷ್ಯರು ಕೇಳಲಿ, ಮೇಕೆ ಕೇಳಲಿ. ನಾನೇ ಬಂದು ಕಾಲು ಹಿಡಿದ್ರೂ ಬಿಡಬೇಡ."

"ತಿಳೀತು ಅವ್ವ. ನೀನೇ ಬಂದು ಕಾಲು ಹಿಡಿದ್ರೂ ಬಿಡಲ್ಲ."

ಗುರುಮಲ್ಲ ಕಾದ. ಬೇಲಿಯ ಸಂದಿಗೆ ಮುಳ್ಳು ಹೊತ್ತು ತಂದ, ಗಿಡದ ಪಕ್ಕದಲ್ಲೇ ಊಟ ಮಾಡಿದ, ಅಲ್ಲೇ ಮಲಗಿದ. ಎಂಟು ದಿನಕ್ಕೆ ಚಿಗುರು. ಹದಿನೈದಕ್ಕೆ ಗಿಡ ತುಂಬ ಎಳೆಹಸಿರು ರೆಂಬೆಗಳು, ಬಳ್ಳಿಯಂತೆ ಬಾಗುವಂಥವು. ಇಪ್ಪತ್ತೈದನೇ ಬೆಳಿಗ್ಗೆ ಮರಿತಾಯಮ್ಮ ಹಲ್ಲುಜ್ಜುತ್ತ ಹಿತ್ತಲಿಗೆ ಬಂದವಳು ಹಾಗೇ ನಿಂತಳು. ರೆಂಬೆ ರೆಂಬೆಗೂ ಮೊಗ್ಗು. ಅವಳ ಇಷ್ಟು ವರ್ಷದ ಹಿತ್ತಲಲ್ಲಿ ಅಷ್ಟು ಮೊಗ್ಗು ಕಂಡಿರಲಿಲ್ಲ. ಬಿಸಿಲಿಗೆ ಕೈಮುಗಿದಳು, ಕೆಂಪಾಜಮ್ಮನ ಮನೆಯ ದಿಕ್ಕಿಗೆ ಮುಗಿದಳು, ಕೊನೆಗೆ ಆ ಮೇಕೆಗಳನ್ನು ನೆನೆದು ಅವಕ್ಕೂ ಮುಗಿದಳು.

ದೇವಮ್ಮಣ್ಣಿ ಸೋಮವಾರವೇ ಬಂದಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಸೊರಗಿತ್ತು. ಒಂಬತ್ತು ವರ್ಷ ಕಾದವಳಿಗೆ ಹಿಗ್ಗಲೂ ಭಯ. ಕೂತರೆ ಹೊಟ್ಟೆಯ ಮೇಲೆ ಕೈ, ಎದ್ದರೆ ಹೊಟ್ಟೆಯ ಮೇಲೆ ಕೈ. ಯಾರು ಏನು ಹೇಳಿದರೂ ನಗು ತುಟಿ ದಾಟುತ್ತಿರಲಿಲ್ಲ.

ಶುಕ್ರವಾರ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಮರಿತಾಯಮ್ಮ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. ಮೊಗ್ಗು ಬಿಡಿಸಿ, ಬಾಳೆಪಟ್ಟೆಗೆ ಹೊಲಿದು, ಜಡೆಗೆ ಕಟ್ಟಲು ಮೂರು ಗಂಟೆಯಾದರೂ ಬೇಕು. ಮೊದಲ ಮೊಗ್ಗಿಗೆ ಕೈ ಹಾಕಿದಳು. ಗುರುಮಲ್ಲ ಆ ಕೈ ಹಿಡಿದ.

"ಬಿಡೋದಿಲ್ಲ ಕಣವ್ವ."

"ಬಿಡ್ಲಾ, ಹೊತ್ತಾಗುತ್ತೆ. ನಾನು ಕಣೋ, ನಿಮ್ಮವ್ವ."

"ನೀನೇ ಬಂದ್ರೂ ಬಿಡಬೇಡ ಅಂದಿದ್ದೆ."

"ಆವಾಗ ಅಂದೆ. ಈಗ ಕಿತ್ಕೋಬಹುದು ಅಂತಿದ್ದೀನಲ್ಲ."

"ಕಾಲು ಹಿಡಿದ್ರೂ ಬಿಡಬೇಡ ಅಂದಿದ್ದೆ. ನೀನಿನ್ನೂ ಕಾಲೂ ಹಿಡಿದಿಲ್ಲ."

ಮರಿತಾಯಮ್ಮ ಪುಸಲಾಯಿಸಿದಳು. ಗದರಿದಳು. ಕೊನೆಗೆ ಅತ್ತಿತ್ತ ನೋಡಿ ನಿಜವಾಗಿಯೂ ಕಾಲು ಹಿಡಿದಳು.

"ನೋಡ್ದಾ" ಅಂದ ಗುರುಮಲ್ಲ, "ನೀನು ಹಿಂಗೆ ಮಾಡ್ತೀಯಾ ಅಂತ ನಿನಗೆ ಮೊದಲೇ ಗೊತ್ತಿತ್ತು."

ಒಳಗಿನಿಂದ ಕೆಂಪಾಜಮ್ಮ ಕೂಗಿದಳು. "ಮರಿತಾಯಿ, ಹೂರಣ ತಳ ಹಿಡೀತಾ ಇದೆ, ಬೇಗ ಬಾ."

ಮರಿತಾಯಮ್ಮನಿಗೆ ಒಳಗೂ ಬೆಂಕಿ, ಹೊರಗೂ ಬೆಂಕಿ. ಬುಟ್ಟಿಯನ್ನು ಅಲ್ಲೇ ಎಸೆದಳು. "ಹೆಂಗಾದ್ರೂ ಸಾಯಿ. ಕೀಳಬೇಡ ಅಂದ್ರೆ ಕೀಳಬೇಡ. ಆದ್ರೆ ನಾಲ್ಕು ಗಂಟೆಗೆ ಬೀಗಿತ್ತಿ ಬರೋ ಹೊತ್ತಿಗೆ ನಿಮ್ಮಕ್ಕನ ಜಡೆ ತುಂಬ ಮೊಗ್ಗಿರಬೇಕು. ಇಲ್ದಿದ್ರೆ ಅವಳು ಈ ಮನೇಲಿ ಇರೋದಿಲ್ಲ, ತಿಳೀತಾ?"

"ತಿಳೀತು ಅವ್ವ" ಅಂದ.

ಒಂದು ಗಳಿಗೆ ಹೂರಣ ತಿರುವಿ ಬಂದು, ಇವನನ್ನು ಬೇರೆ ಕೆಲಸಕ್ಕೆ ಅಟ್ಟಿ ಮೊಗ್ಗು ಕಿತ್ತರಾಯಿತು ಅಂತ ಅವಳ ಲೆಕ್ಕ. ಆದರೆ ಹೂರಣವಾದ ಮೇಲೆ ಕಣಕ, ಕಣಕವಾದ ಮೇಲೆ ಬೇಗ ಬಂದ ನೆಂಟರು, ನೆಂಟರಿಗೆ ನೀರು. ಗಡಿಯಾರ ನೋಡಿದಾಗ ಮೂರೂ ಮುಕ್ಕಾಲು.

ಹಿತ್ತಲ ಕಡೆಯಿಂದ ನಗು ಕೇಳಿಸಿತು. ಯಾರೋ ಹೆಂಗಸು ತಡೆದು ತಡೆದು ನಕ್ಕು, ತಡೆಯಲಾರದೆ ಮತ್ತೆ ನಗುವ ಸದ್ದು. ಮರಿತಾಯಮ್ಮ ಓಡಿದಳು.

ಮಲ್ಲಿಗೆ ಗಿಡಕ್ಕೆ ಬೆನ್ನು ಮಾಡಿ, ಸ್ಟೂಲಿನ ಮೇಲೆ ದೇವಮ್ಮಣ್ಣಿ ಕೂತಿದ್ದಳು. ಅವಳ ಮೊಣಕಾಲುದ್ದದ ಕೂದಲನ್ನು ಗುರುಮಲ್ಲ ಬಿಡಿಸಿ, ಗಿಡದ ಎಳೆಯ ರೆಂಬೆಗಳನ್ನು ಬಗ್ಗಿಸಿ, ಕೂದಲೊಂದು ಎಳೆ, ರೆಂಬೆಯೊಂದು ಎಳೆ ಹಾಕಿ ಹೆಣೆದಿದ್ದ. ದನದ ಹಗ್ಗ ಹೆಣೆದ ಕೈ, ಒಂದು ಎಳೆ ಸಡಿಲವಿರಲಿಲ್ಲ. ನೆತ್ತಿಯಿಂದ ತುದಿಯವರೆಗೆ ಜಡೆ ತುಂಬ ಮೊಗ್ಗು. ಒಂದೂ ಗಿಡದಿಂದ ಬೇರೆಯಾಗಿರಲಿಲ್ಲ.

"ಒಂದೂ ಕಿತ್ತಿಲ್ಲ ಕಣವ್ವ" ಅಂದ. "ಜಡೆ ತುಂಬ ಇದೆ."

"ತೂಕಡಿಸ್ತಿದ್ದೆ ಅವ್ವ, ತಲೆ ಬಾಚ್ತೀನಿ ಅಂದ, ಬಾಚಲಿ ಅಂತ ಬಿಟ್ಟೆ" ಅಂದಳು ದೇವಮ್ಮಣ್ಣಿ. "ಏಳೋಣ ಅಂತ ನೋಡ್ತೀನಿ, ಗಿಡ ಬಿಡ್ತಾ ಇಲ್ಲ." ಅಂದು ಮತ್ತೆ ನಕ್ಕಳು. ಹೊಟ್ಟೆಯ ಮೇಲೆ ಕೈಯಿಡುವುದನ್ನೂ ಮರೆತು ನಕ್ಕಳು. ಆಮೇಲೆ ತಟ್ಟನೆ ಹೊಟ್ಟೆ ಮುಟ್ಟಿಕೊಂಡು, "ಇದೂ ನಗ್ತಾ ಇದೆ ಅವ್ವ" ಅಂದಳು.

ಮರಿತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಬಳೆ ಸದ್ದು. ನಾಲ್ಕು ಗಂಟೆ. ಬೀಗಿತ್ತಿ ಶಿವಮಲ್ಲಮ್ಮ, ಅವಳ ಹಿಂದೆ ಬೀದಿಯ ಹೆಂಗಸರೆಲ್ಲ.

ಶಿವಮಲ್ಲಮ್ಮ ಸೊಸೆಯ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಜಡೆ ನೋಡಿದಳು. ಒಂದು ಮೊಗ್ಗನ್ನು ಹಿಡಿದು ಎಳೆದಳು, ಗಿಡವೆಲ್ಲ ಅಲ್ಲಾಡಿತು.

"ಪೇಟೆ ಹೂವು ಸೇರಿಸಿಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ" ಅಂದಳು.

ಮರಿತಾಯಮ್ಮನ ಉಸಿರು ಅರ್ಧ ಬಂತು.

"ಮೊಳವೂ ಕಮ್ಮಿ ಇಲ್ಲ. ಆದ್ರೂ ಆವತ್ತಿನ ಸಿಟ್ಟಿಗೆ ಇವಳನ್ನ ಕರ್ಕೊಂಡು ಹೋಗೋಣ ಅಂತ ಬರ್ತಾ ಬರ್ತಾ ಅಂದ್ಕೊಂಡಿದ್ದೆ." ಶಿವಮಲ್ಲಮ್ಮ ಸೊಸೆಯ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಆ ಮುಖದಲ್ಲಿ ಅಂಥ ನಗು ಅವಳೂ ನೋಡಿರಲಿಲ್ಲ. "ಹೆಂಗೆ ಕರ್ಕೊಂಡು ಹೋಗೋದು? ಕರ್ಕೊಂಡು ಹೋಗಬೇಕು ಅಂದ್ರೆ ನಿಮ್ಮ ಹಿತ್ತಲನ್ನೇ ಹೊತ್ಕೊಂಡು ಹೋಗಬೇಕು. ಇರಲಿ ಬಿಡಿ ಮರಿತಾಯಮ್ಮ. ಇಲ್ಲೇ ಹೆರಲಿ. ಇಲ್ಲೇ ನಗ್ತಾ ಇರಲಿ."

ಮರಿತಾಯಮ್ಮ ಮುಂದೆ ಬಂದಳು. ಬೀಗಿತ್ತಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಸ್ಟೂಲು ಅಲ್ಲಿಂದ ಕದಲುವಂತಿರಲಿಲ್ಲವಾದ್ದರಿಂದ ಶಾಸ್ತ್ರವೇ ಹಿತ್ತಲಿಗೆ ಬಂತು. ಹಸೆ ಬರೆದರು, ಆರತಿ ತಂದರು, ಹಸಿರು ಬಳೆ ತೊಡಿಸಿದರು, ಸೋಬಾನೆ ಹಾಡಿದರು. ಹೊತ್ತು ಮುಳುಗುತ್ತಿದ್ದ ಹಾಗೆ ಜಡೆಯಲ್ಲಿದ್ದ ಮೊಗ್ಗು ಒಂದೊಂದಾಗಿ ಬಿರಿಯತೊಡಗಿತು. ದೇವಮ್ಮಣ್ಣಿಯ ತಲೆಯೇ ಅರಳಿದಂತಾಯಿತು. ಇಡೀ ಬೀದಿಗೆ ಕಂಪು. ಮುದುಕಿಯರು ಕೂಡ ಅಂಥ ಜಡೆ ಕಂಡವರಲ್ಲ.

ಮರಿತಾಯಮ್ಮ ಒಬ್ಬಟ್ಟಿನ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಮಗನನ್ನು ನೋಡಿದಳು. ಬಯ್ಯಬೇಕೆಂದು ಕೂಡಿಟ್ಟಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. ಒಬ್ಬಟ್ಟು ಮುರಿದು, ಬಿಸಿ ಆರಿಸಿ, ಅವನ ಬಾಯಿಗಿಟ್ಟಳು. ಹುಟ್ಟಿದಾಗಿನಿಂದ ಈ ಹುಡುಗ ತನ್ನ ಒಂದು ಮಾತನ್ನಾದರೂ ಮೀರಿದ್ದಾನೆಯೇ ಅಂತ ಹುಡುಕಿದಳು. ಸಿಗಲಿಲ್ಲ.

ಕೊನೆಗೆ ಶಿವಮಲ್ಲಮ್ಮ ಸೊಸೆಯ ತಲೆಯ ಮೇಲೆ ಅಕ್ಷತೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹರಸಿದಳು. "ಈ ತವರಿನ ಮಣ್ಣಲ್ಲಿ ಬೇರೂರಿ, ಚಿಗುರಿ, ಕಾಯಾಗಿ ಹಣ್ಣಾಗು ತಾಯಿ."

ಹೆಂಗಸರೆಲ್ಲ ಹೌದು ಹೌದು ಅಂದರು. ಮರಿತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣೊರೆಸಿ ನೋಡುವಷ್ಟರಲ್ಲಿ ಮಗ ಪಕ್ಕದಲ್ಲಿರಲಿಲ್ಲ. ಕೊಟ್ಟಿಗೆಯ ಕಡೆಯಿಂದ ಬರುತ್ತಿದ್ದ, ಹೆಗಲ ಮೇಲೆ ಗುದ್ದಲಿ, ತಲೆಯ ಮೇಲೆ ಗೊಬ್ಬರದ ಮಂಕರಿ. ಸ್ಟೂಲಿನ ಸುತ್ತ ನೆಲವನ್ನು ಒಮ್ಮೆ ಅಳತೆ ಮಾಡಿ ನೋಡಿ, ಮಂಕರಿ ಇಳಿಸಿ, ಗುದ್ದಲಿ ಎತ್ತಿದ.

"ಅಕ್ಕ, ಕಾಲು ಸ್ವಲ್ಪ ಎತ್ಕೋ" ಅಂದ. "ಪಾತಿ ಮಾಡ್ತೀನಿ."